ಟೋಪಿ ಹಾಕಿಕೊಂಡ ಚಿಂಪಾಂಜಿ

ಕಾಮಿಕ್ಸ್ ಓದುವ ಯಾರ ಮುಂದೆ ಬೇಕಾದರೂ 'ಡಿಟೆಕ್ಟಿವ್ ಚಿಂಪ್' ಅನ್ನೋ ಹೆಸರು ಎತ್ತಿ ನೋಡಿ. ಮೊದಲು ಒಂದು ನಗು ಬರುತ್ತೆ. ಆಮೇಲೆ ಅದೇ ಮನುಷ್ಯ ಅರ್ಧ ಗಂಟೆ ಅದರ ಬಗ್ಗೆಯೇ ಮಾತಾಡ್ತಾನೆ. ಬ್ಯಾಟ್‌ಮ್ಯಾನ್ ಹೆಸರು ಕೇಳಿ ಯಾರೂ ನಗೋದಿಲ್ಲ. ಹಗಲು ಕೋಟ್ಯಧೀಶನಾಗಿದ್ದು ರಾತ್ರಿ ಬಾವಲಿ ವೇಷ ಹಾಕಿ ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯೋ ಮನುಷ್ಯ ನಮಗೆ ಸಹಜ, ಟೋಪಿ ಹಾಕಿಕೊಂಡು ಸುಳಿವು ಹುಡುಕೋ ಚಿಂಪಾಂಜಿ ಮಾತ್ರ ತಮಾಷೆ. ಯಾವ ಲೆಕ್ಕ ಇದು?

ಗೊತ್ತಿಲ್ಲದವರಿಗೆ ಚಿಕ್ಕ ಪರಿಚಯ. ಡಿಟೆಕ್ಟಿವ್ ಚಿಂಪ್‌ನ ನಿಜವಾದ ಹೆಸರು ಬೋಬೋ. 1952ರಲ್ಲಿ ಡಿಸಿ ಕಾಮಿಕ್ಸ್‌ನ 'ದಿ ಅಡ್ವೆಂಚರ್ಸ್ ಆಫ್ ರೆಕ್ಸ್ ದಿ ವಂಡರ್ ಡಾಗ್' ಪತ್ರಿಕೆಯ 4ನೇ ಸಂಚಿಕೆಯಲ್ಲಿ ಮೊದಲ ಸಲ ಕಾಣಿಸಿಕೊಂಡ. ಬರೆದವರು ಜಾನ್ ಬ್ರೂಮ್, ಚಿತ್ರ ಕಾರ್ಮೈನ್ ಇನ್ಫಾಂಟಿನೊ ಅವರದು. ಪತ್ರಿಕೆಯ ನಾಯಕ ಒಂದು ನಾಯಿ, ನಮ್ಮ ಬೋಬೋ ಅದರ ಹಿಂದಿನ ಪುಟಗಳ ಭರ್ತಿ ಕಥೆ. ಅಂದರೆ ಲೋಕಲ್ ಟ್ರೇನಿನಲ್ಲಿ ನಾಲ್ಕನೇ ಸೀಟು ಸಿಕ್ಕಿದ ಹಾಗೆ. ಆದರೂ ಆ ನಾಯಿಯನ್ನು ಇವತ್ತು ನೆನಪಿಟ್ಟುಕೊಂಡವರು ಕಡಿಮೆ, ಬೋಬೋನನ್ನು ಡಿಸಿ ಇವತ್ತಿಗೂ ಬಿಟ್ಟಿಲ್ಲ. ಇನ್ಫಾಂಟಿನೊ ಮುಂದೆ 'ಫ್ಲ್ಯಾಷ್'ನ ಹೊಸ ಅವತಾರ ರೂಪಿಸಿ ದೊಡ್ಡ ಹೆಸರು ಮಾಡಿದರು, ಆದರೂ ಈ ಚಿಂಪಾಂಜಿಯ ಕಥೆಗಳು ತಮ್ಮ ಅಚ್ಚುಮೆಚ್ಚಿನ ಕೆಲಸಗಳಲ್ಲಿ ಒಂದು ಅಂತಲೇ ಹೇಳ್ತಿದ್ದರು.

ಪದದ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಈ ಬಾಲವಿಲ್ಲದ ದೊಡ್ಡವರನ್ನೆಲ್ಲ ಸೇರಿಸಿ ಕರೆಯೋಕೆ ನಮ್ಮಲ್ಲಿ ದಿನಬಳಕೆಯ ಪದ ಇಲ್ಲ. ಕೋತಿ ಅಂದರೆ ತಪ್ಪಾಗುತ್ತೆ. ಹಾಗಾಗಿ ಇಲ್ಲಿ ವಾನರ ಅಂತಲೇ ಬರೀತೀನಿ, ಅನುಸರಿಸಿಕೊಳ್ಳಿ.

ಮಾತಾಡೋ ವಾನರ ಪತ್ತೇದಾರರು ಯಾಕೆ ಇಷ್ಟ ಆಗ್ತಾರೆ ಅನ್ನೋದಕ್ಕೆ ಸಾಮಾನ್ಯವಾಗಿ ಸಿಗೋ ಉತ್ತರ ವ್ಯಾಪಾರದ್ದು. ಅಮೆರಿಕದಲ್ಲಿ ಐವತ್ತರ ದಶಕದಲ್ಲಿ ಮುಖಪುಟದ ಮೇಲೆ ಗೊರಿಲ್ಲಾ ಹಾಕಿದರೆ ಪುಸ್ತಕ ಖರ್ಚಾಗ್ತಿತ್ತು. ಡಿಸಿಯ ಸಂಪಾದಕರಾಗಿದ್ದ ಜೂಲಿಯಸ್ ಶ್ವಾರ್ಟ್ಸ್ ಈ ಕಥೆಯನ್ನು ಮತ್ತೆ ಮತ್ತೆ ಹೇಳಿದ್ದಾರೆ. 1951ರ 'ಸ್ಟ್ರೇಂಜ್ ಅಡ್ವೆಂಚರ್ಸ್' 8ನೇ ಸಂಚಿಕೆಯ ಮುಖಪುಟದಲ್ಲಿ ಗೊರಿಲ್ಲಾ ಇತ್ತು, ಅದು ಎಂದಿಗಿಂತ ಜಾಸ್ತಿ ಮಾರಾಟವಾಯಿತು. ಆಮೇಲೆ ಪ್ರತಿಯೊಬ್ಬ ಸಂಪಾದಕನಿಗೂ ಗೊರಿಲ್ಲಾ ಬೇಕಾಯಿತು. ಕೊನೆಗೆ ತಿಂಗಳಿಗೆ ಒಂದೇ ಗೊರಿಲ್ಲಾ ಮುಖಪುಟ ಅಂತ ನಿಯಮ ಮಾಡಬೇಕಾಯಿತಂತೆ. ರೇಷನ್ ಕಾರ್ಡಿನ ಸಕ್ಕರೆ ಥರ.

ಕಥೆ ಚೆನ್ನಾಗಿದೆ, ಆದರೆ ಅದನ್ನು ಹೇಳುವವರೆಲ್ಲ ಆ ಮುಖಪುಟವನ್ನು ಸರಿಯಾಗಿ ನೋಡದೆ ಮುಂದೆ ಹೋಗಿಬಿಡ್ತಾರೆ. ನೀವು ನೋಡಿ. ಆ ಗೊರಿಲ್ಲಾ ಎದೆ ಬಡಿದುಕೊಳ್ತಿಲ್ಲ, ಯಾರನ್ನೂ ಎತ್ತಿಕೊಂಡು ಓಡ್ತಿಲ್ಲ. ಪಂಜರದೊಳಗೆ ನಿಂತಿದೆ. ಕೈಯಲ್ಲಿ ಸ್ಲೇಟು. ನಾನು ಒಂದು ಭಯಂಕರ ಪ್ರಯೋಗಕ್ಕೆ ಬಲಿಯಾದ ಮನುಷ್ಯ, ದಯವಿಟ್ಟು ನನ್ನ ನಂಬು ಅಂತ ಅದರ ಮೇಲೆ ಬರೆದು ಹೊರಗೆ ನಿಂತ ಹುಡುಗಿಗೆ ತೋರಿಸ್ತಿದೆ. ಗೊರಿಲ್ಲಾ ನೋಡಬೇಕು ಅಂದರೆ ಝೂಗೆ ಹೋದರೆ ಆಯಿತು. ಹತ್ತು ಸೆಂಟು ಕೊಟ್ಟು ಆ ಪುಸ್ತಕ ಕೊಂಡ ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಆ ಸ್ಲೇಟು ಅಂತ ನನ್ನ ವಾದ. ನಿಜ ಗೊತ್ತಿದೆ, ಹೇಳೋಕೂ ಆಗ್ತಿದೆ, ಆದರೆ ಹೇಳ್ತಿರೋ ಮುಖ ನೋಡಿ ಯಾರೂ ನಂಬಲ್ಲ. ಈ ಸಂಕಟ ಹತ್ತು ವರ್ಷದ ಹುಡುಗನಿಗೂ ಗೊತ್ತು. ಗಾಜು ಒಡೆದಿದ್ದು ನಾನಲ್ಲ ಅಂತ ಎಷ್ಟು ಹೇಳಿದರೂ ಮನೆಯಲ್ಲಿ ಕೇಳದ ಹುಡುಗನಿಗಂತೂ ಚೆನ್ನಾಗಿ ಗೊತ್ತು.

ಪತ್ತೇದಾರಿ ಕಥೆಗೂ ವಾನರನಿಗೂ ಇರೋ ನಂಟು ಡಿಸಿಗಿಂತ ತುಂಬ ಹಳೆಯದು. ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದು ಅಂತ ಬಹುತೇಕ ಎಲ್ಲರೂ ಒಪ್ಪೋದು ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ 'ದಿ ಮರ್ಡರ್ಸ್ ಇನ್ ದ ರೂ ಮಾರ್ಗ್'. ಓದಿಲ್ಲದವರು ಈ ಪ್ಯಾರಾ ಹಾರಿಸಿ, ಯಾಕಂದ್ರೆ ಕೊಲೆಗಾರ ಯಾರು ಅಂತ ಈಗ ಹೇಳಿಬಿಡ್ತೀನಿ. ಪ್ಯಾರಿಸ್ಸಿನ ಒಂದು ಮನೆಯಲ್ಲಿ ತಾಯಿ, ಮಗಳ ಕೊಲೆ. ಒಳಗಿನಿಂದ ಎರಡು ದನಿ ಕೇಳಿಸಿದ್ದು ಅಕ್ಕಪಕ್ಕದವರಿಗೆಲ್ಲ ಗೊತ್ತು. ಒಂದು ಫ್ರೆಂಚ್ ಗಂಡಸಿನದು, ಅದರಲ್ಲಿ ಗೊಂದಲ ಇಲ್ಲ. ಇನ್ನೊಂದು ಕೀರಲು ದನಿ ಯಾವ ಭಾಷೆಯದು? ಫ್ರೆಂಚ್ ಪೊಲೀಸಿನವನು ಸ್ಪ್ಯಾನಿಷ್ ಇರಬೇಕು ಅಂತಾನೆ. ಸ್ಪೇನಿನವನು ಇಂಗ್ಲಿಷ್ ಅಂತಾನೆ. ಇಂಗ್ಲಿಷಿನವನು ಜರ್ಮನ್ ಅಂತಾನೆ. ಇಟಲಿಯವನ ಪ್ರಕಾರ ಅದು ರಷ್ಯನ್. ವಿಶೇಷ ಏನಂದ್ರೆ, ಪ್ರತಿಯೊಬ್ಬನೂ ಹೆಸರಿಸೋದು ತನಗೆ ಬಾರದ ಭಾಷೆಯನ್ನ. ಇದನ್ನು ಗಮನಿಸಿದ ಡ್ಯೂಪಿನ್ ಆ ದನಿ ಮನುಷ್ಯನದೇ ಅಲ್ಲ ಅನ್ನೋ ತೀರ್ಮಾನಕ್ಕೆ ಬರ್ತಾನೆ. ಕೊಲೆ ಮಾಡಿದ್ದು ಬೋರ್ನಿಯೋದಿಂದ ಒಬ್ಬ ನಾವಿಕ ತಂದಿದ್ದ ಒರಾಂಗುಟಾನ್.

ನನಗೆ ಅರ್ಥವಾಗದ್ದೆಲ್ಲ ಪಕ್ಕದವನ ಭಾಷೆ. ಇದು ಬೆಂಗಳೂರಿನ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ದಿನಾ ನಡೆಯೋ ಸಂಗತಿ, ಬಿಡಿ. ನನ್ನ ವಿಷಯಕ್ಕೆ ಬೇಕಾದ್ದು ಇಷ್ಟು: ಪತ್ತೇದಾರಿ ಕಥೆ ಹುಟ್ಟಿದ ದಿನವೇ ಅದರಲ್ಲಿ ವಾನರ ಇದ್ದ, ಆದರೆ ಆರೋಪಿಯ ಜಾಗದಲ್ಲಿದ್ದ, ಮಾತಿಲ್ಲದವನಾಗಿದ್ದ. ಆ ರಾತ್ರಿ ಏನಾಯಿತು ಅಂತ ಅವನ ಕಡೆಯಿಂದ ಕೇಳೋ ಪ್ರಶ್ನೆಯೇ ಬರಲ್ಲ. ಕಥೆಯ ಕೊನೆಗೆ ಅವನನ್ನು ಹಿಡಿದು ಪ್ರಾಣಿ ಸಂಗ್ರಹಾಲಯಕ್ಕೆ ಮಾರ್ತಾರೆ, ಒಳ್ಳೇ ಬೆಲೆಯೂ ಬರುತ್ತೆ. 111 ವರ್ಷ ಆದಮೇಲೆ ಬ್ರೂಮ್ ಮತ್ತು ಇನ್ಫಾಂಟಿನೊ ಅದೇ ವಾನರನ ತಲೆ ಮೇಲೆ ಷರ್ಲಾಕ್ ಹೋಮ್ಸ್ ಟೋಪಿ ಇಟ್ಟರು. ಪೋ ನೆನಪಿಟ್ಟುಕೊಂಡೇ ಇಟ್ಟರೋ ಇಲ್ಲವೋ, ಓದುವವನಿಗೆ ಅದು ಹಳೇ ಕೇಸು ಮತ್ತೆ ತೆರೆದ ಹಾಗೆ ಕಾಣುತ್ತೆ.

1952ರ ಬೋಬೋನ ಮೊದಲ ಕಥೆ ಸರಳ. ಫ್ಲಾರಿಡಾದ ಆಸ್ಕಲೂಸಾ ಅನ್ನೋ ಕಾಲ್ಪನಿಕ ಕೌಂಟಿ. ಪ್ರಾಣಿ ತರಬೇತುದಾರ ಫ್ರೆಡ್ ಥಾರ್ಪ್‌ನ ಕೊಲೆಯಾಗುತ್ತೆ. ಅವನು ಸಾಕಿದ ಬೋಬೋಗೆ ಕೊಲೆಗಾರನನ್ನು ಹಿಡಿಸಬೇಕು. ಶೆರಿಫ್ ಚೇಸ್ ಒಳ್ಳೆಯವನೇ, ಆದರೆ ಚಿಂಪಾಂಜಿಯ ಭಾಷೆ ಅವನಿಗೆ ಬರಲ್ಲ. ಬೋಬೋ ಆಗ ಮಾತಾಡ್ತಿರಲಿಲ್ಲ, ಇದನ್ನು ಈಗಿನ ಓದುಗರು ಮರೆತುಬಿಡ್ತಾರೆ. ಅವನ ಯೋಚನೆ ನಮಗೆ ಗುಳ್ಳೆಗಳಲ್ಲಿ ಕಾಣುತ್ತೆ, ಎದುರಿಗಿರೋ ಶೆರಿಫ್‌ಗೆ ಕಾಣಲ್ಲ. ಸನ್ನೆ ಮಾಡಬೇಕು, ಎಳೆದುಕೊಂಡು ಹೋಗಬೇಕು, ಸಾಕ್ಷ್ಯವನ್ನೇ ತಂದು ಕೈಗೆ ಹಿಡಿಸಬೇಕು.

ಆ ಪುಟಗಳ ರುಚಿ ಇರೋದು ಇಲ್ಲೇ. ಮಾಮೂಲಿ ಪತ್ತೇದಾರಿ ಕಥೆಯಲ್ಲಿ ಪತ್ತೇದಾರನಿಗೆ ಗೊತ್ತಿರೋದು ನಮಗೆ ಗೊತ್ತಿರಲ್ಲ, ಕೊನೆಯ ಪುಟದಲ್ಲಿ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಭಾಷಣ ಮಾಡ್ತಾನೆ. ಬೋಬೋ ಕಥೆಯಲ್ಲಿ ಅವನಿಗೆ ಗೊತ್ತಾಗಿದ್ದು ಆ ಕ್ಷಣವೇ ನಮಗೂ ಗೊತ್ತು. ಉಳಿಯೋ ಕುತೂಹಲ ಒಂದೇ, ಇವನು ಇದನ್ನು ಹೇಗೆ ಹೇಳ್ತಾನಪ್ಪಾ? ಸತ್ಯ ಹುಡುಕೋದು ಅರ್ಧ ಕೆಲಸ, ಅದನ್ನು ಒಪ್ಪಿಸೋದು ಇನ್ನರ್ಧ. ಹೋಮ್ಸ್‌ಗೆ ಎರಡನೇ ಅರ್ಧದ ಕಷ್ಟ ಯಾವತ್ತೂ ಬರಲಿಲ್ಲ. ಅವನು ಬಾಯಿ ತೆರೆದರೆ ಸ್ಕಾಟ್‌ಲೆಂಡ್ ಯಾರ್ಡೇ ನೋಟ್ಸ್ ಬರೆದುಕೊಳ್ಳುತ್ತೆ.

ಇನ್ನೊಂದು ವಿಚಿತ್ರ ನೋಡಿ. ಇದೇ ವರ್ಷಗಳಲ್ಲಿ, ಇದೇ ಫ್ಲಾರಿಡಾದಲ್ಲಿ, ಆರೆಂಜ್ ಪಾರ್ಕ್ ಅನ್ನೋ ಊರಿನಲ್ಲಿದ್ದ ಯರ್ಕೀಸ್ ಪ್ರಯೋಗಾಲಯದ ಕೀತ್ ಮತ್ತು ಕ್ಯಾಥರೀನ್ ಹೇಯ್ಸ್ ದಂಪತಿ ನಿಜವಾದ ಒಂದು ಚಿಂಪಾಂಜಿಗೆ ಮಾತು ಕಲಿಸ್ತಿದ್ದರು. ವಿಕಿ ಅಂತ ಹೆಸರು. ಮನೆಯಲ್ಲೇ ಮಗಳ ಹಾಗೆ ಸಾಕಿದರು. ತುಟಿ ಹಿಡಿದು ಆಕಾರ ಕೊಟ್ಟು ಉಚ್ಚಾರಣೆ ಹೇಳಿಕೊಟ್ಟರು. ವರ್ಷಗಟ್ಟಲೆ ಕಷ್ಟಪಟ್ಟ ಮೇಲೆ ಅದಕ್ಕೆ ಬಂದಿದ್ದು ನಾಲ್ಕು ಪದ: ಮಾಮಾ, ಪಾಪಾ, ಕಪ್, ಅಪ್. 1954ರಲ್ಲಿ ವಿಕಿ ತೀರಿಕೊಂಡಿತು. ಬ್ರೂಮ್‌ಗೆ ವಿಕಿಯ ಪರಿಚಯ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ಒಂದು ದೇಶ ಒಂದು ಕಡೆ ವಾನರನ ಬಾಯಿಂದ ಪದ ಹೊರಡಿಸೋಕೆ ಒದ್ದಾಡ್ತಿದ್ದಾಗ, ಇನ್ನೊಂದು ಕಡೆ ಕಾಮಿಕ್ಸ್ ಅವನ ತಲೆ ಪಕ್ಕ ಒಂದು ಗುಳ್ಳೆ ಬರೆದು ಕೆಲಸ ಮುಗಿಸಿತು. ಗುಳ್ಳೆಗೆ ಇರೋ ಶಕ್ತಿ ಅದು. ಸಿನಿಮಾದಲ್ಲಿ ಚಿಂಪಾಂಜಿ ಮಾತಾಡಿದರೆ ಡಬ್ಬಿಂಗ್ ಅಂತ ಗೊತ್ತಾಗುತ್ತೆ. 1970ರಲ್ಲಿ ಅಮೆರಿಕದ ಟೀವಿಯಲ್ಲಿ ಬಂದ 'ಲ್ಯಾನ್ಸೆಲಾಟ್ ಲಿಂಕ್, ಸೀಕ್ರೆಟ್ ಚಿಂಪ್' ನೋಡಿ. ನಿಜವಾದ ಚಿಂಪಾಂಜಿಗಳಿಗೆ ಕೋಟು ತೊಡಿಸಿ, ಅವು ಬಾಯಿ ಆಡಿಸಿದ ಕಡೆ ಮನುಷ್ಯರ ದನಿ ಅಂಟಿಸಿದ್ದಾರೆ. ಐದು ನಿಮಿಷಕ್ಕೆ ನಗು ನಿಂತು ಪಾಪ ಅನ್ನಿಸೋಕೆ ಶುರುವಾಗುತ್ತೆ. ಕಾಗದದ ಮೇಲೆ ಆ ಮುಜುಗರ ಇಲ್ಲ. ಅಲ್ಲಿ ಎಲ್ಲರ ಮಾತೂ ಒಂದೇ ಅಕ್ಷರದಲ್ಲಿ, ಒಂದೇ ಅಳತೆಯ ಗುಳ್ಳೆಯಲ್ಲಿ. ಶೆರಿಫ್‌ನದೂ ಅದೇ, ಬೋಬೋನದೂ ಅದೇ.

ಐಟಿಯಲ್ಲಿರೋರಿಗೆ ಈ ಎರಡನೇ ಅರ್ಧದ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಬ್ಬ ಟೆಸ್ಟರ್ ಇದ್ದಳು, ಕೆಲಸಕ್ಕೆ ಸೇರಿ ಆರು ತಿಂಗಳು ಕೂಡ ಆಗಿರಲಿಲ್ಲ. ರಿಲೀಸ್‌ಗೆ ಮುಂಚೆ ಒಂದು ಕಾಲ್‌ನಲ್ಲಿ, ಈ ಜಾಗದಲ್ಲಿ ಡೇಟಾ ಎರಡು ಸಲ ಸೇವ್ ಆಗ್ತಿದೆ ಅಂತ ಹೇಳಿದಳು. ಸೊಗಸಾದ ಮೌನ. ಹತ್ತು ನಿಮಿಷ ಬಿಟ್ಟು ಆನ್‌ಸೈಟ್‌ನಲ್ಲಿದ್ದವರೊಬ್ಬರು ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಿದರು. ಗುಡ್ ಕ್ಯಾಚ್ ಅಂತ ಎಲ್ಲರೂ ಮೆಚ್ಚಿಕೊಂಡರು. ಅವಳಿಗೆ ಇಂಗ್ಲಿಷ್ ಬರ್ತಿತ್ತು, ತಲೆಯೂ ಓಡ್ತಿತ್ತು, ಸಾಕ್ಷ್ಯ ಸ್ಕ್ರೀನ್ ಮೇಲೇ ಇತ್ತು. ಗುಳ್ಳೆ ಮಾತ್ರ ಬೇರೆಯವರಿಗೆ ಕಾಣಲಿಲ್ಲ.

1968ರಲ್ಲಿ ಡಿಸಿ ಇನ್ನೊಬ್ಬ ವಾನರ ಪತ್ತೇದಾರನನ್ನು ತಂದಿತು. 'ಷೋಕೇಸ್' 77ನೇ ಸಂಚಿಕೆ, 'ಏಂಜಲ್ ಅಂಡ್ ದಿ ಏಪ್'. ಸ್ಯಾಮ್ ಸಿಮಿಯನ್ ಅನ್ನೋ ಗೊರಿಲ್ಲಾ, ಏಂಜಲ್ ಓಡೇ ಅನ್ನೋ ಯುವತಿ, ಇಬ್ಬರೂ ಸೇರಿ ಪತ್ತೇದಾರಿ ಕಚೇರಿ ನಡೆಸ್ತಾರೆ. ಸ್ಯಾಮ್‌ಗೆ ಇನ್ನೊಂದು ಉದ್ಯೋಗವೂ ಇದೆ, ಕಾಮಿಕ್ಸ್‌ಗೆ ಚಿತ್ರ ಬರೆಯೋದು. ಅವನ ಸಂಪಾದಕ ಸ್ಟಾನ್ ಬ್ರ್ಯಾಗ್ ಅನ್ನೋನು ಮಾರ್ವೆಲ್‌ನ ಸ್ಟಾನ್ ಲೀ ಅವರ ಅಣಕ. ಬಾಬ್ ಆಕ್ಸ್‌ನರ್ ಅವರ ಗೆರೆ ಎಷ್ಟು ಹಗುರ ಅಂದರೆ ಪುಟ ತಿರುಗಿಸೋದೇ ಒಂದು ಖುಷಿ. ಗೊರಿಲ್ಲಾ ಒಬ್ಬ ಕೋಟು ಹಾಕಿಕೊಂಡು ಓಡಾಡ್ತಿದ್ದರೂ ಜನ ತಲೆಕೆಡಿಸಿಕೊಳ್ಳಲ್ಲ ಅನ್ನೋದೇ ಇಲ್ಲಿನ ಹಾಸ್ಯ.

ಆದರೆ ಹಾಸ್ಯ ಆದ ಕಡೆ ಪತ್ತೇದಾರಿ ಸಡಿಲ ಆಯಿತು. ಸ್ಯಾಮ್‌ನನ್ನು ಎಲ್ಲರೂ ಒಪ್ಪಿಬಿಟ್ಟಿದ್ದಾರೆ, ಹಾಗಾಗಿ ಅವನು ಗೆಲ್ಲಬೇಕಾದ್ದು ಏನೂ ಇಲ್ಲ. ಈ ಕಥೆಗಳಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ವ್ಯಕ್ತಿ ಏಂಜಲ್. ಕತ್ತಿವರಸೆ, ಕೈಹೊಡೆದಾಟ ಎರಡರಲ್ಲೂ ಪಳಗಿದವಳು, ಆದರೆ ಎದುರಿಗೆ ಬಂದ ಗಂಡಸರಿಗೆ ಕಾಣೋದು ಅವಳ ಕೂದಲು ಮಾತ್ರ. 1968ರ ಅಮೆರಿಕ ಗೊರಿಲ್ಲಾನ ಮಾತು ಕೇಳೋಕೆ ತಯಾರಿತ್ತು, ಹೆಂಗಸಿನ ಮಾತು ಕೇಳೋಕೆ ಇರಲಿಲ್ಲ ಅಂತ ಓದಿಕೊಂಡರೆ ಈ ಪುಸ್ತಕ ಇದ್ದಕ್ಕಿದ್ದಂತೆ ಚುರುಕಾಗುತ್ತೆ. ಬರೆದವರು ಅಲ್ಲಿಗೆ ಹೋಗಲೇ ಇಲ್ಲ ಅನ್ನೋದು ನನ್ನ ತಕರಾರು. ಏಳನೇ ಸಂಚಿಕೆಗೆ ಪತ್ರಿಕೆ ನಿಂತುಹೋಯಿತು.

ಪ್ರಾಣಿ ಪತ್ತೇದಾರರಲ್ಲಿ ಈಗ ಎಲ್ಲರೂ ಹೊಗಳೋದು 2000ದಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ 'ಬ್ಲ್ಯಾಕ್‌ಸ್ಯಾಡ್' ಅನ್ನ. ಹುವಾನ್‌ಹೋ ಗ್ವಾರ್ನಿಡೋ ಅವರ ಜಲವರ್ಣಕ್ಕೆ ನಾನೂ ಕೈಮುಗೀತೀನಿ. ಆದರೆ ಆ ಲೋಕದಲ್ಲಿ ಎಲ್ಲರೂ ಪ್ರಾಣಿಗಳೇ. ಪತ್ತೇದಾರ ಬೆಕ್ಕು, ಪೊಲೀಸ್ ಅಧಿಕಾರಿ ನಾಯಿ. ಅಲ್ಲಿ ಪ್ರಾಣಿ ಅನ್ನೋದು ಸ್ವಭಾವ ತೋರಿಸೋ ಮುಖವಾಡ, ನಮ್ಮ ಪಂಚತಂತ್ರದ ಥರ. ಬೋಬೋನ ಕಷ್ಟ ಬೇರೆ. ಅವನ ಲೋಕದಲ್ಲಿ ಉಳಿದವರೆಲ್ಲ ಮನುಷ್ಯರು. ಕೋಣೆಯಲ್ಲಿ ಅವನೊಬ್ಬನೇ ವಾನರ, ಬಾಗಿಲು ತೆಗೆದು ಒಳಗೆ ಬಂದಾಗಲೆಲ್ಲ ಅದು ಮತ್ತೆ ಶುರುವಾಗುತ್ತೆ.

ಕನ್ನಡ ಓದುಗರಿಗೆ ಇಲ್ಲಿ ಒಂದು ಹೆಸರು ಆಗಲೇ ಹೊಳೆದಿರಬೇಕು, ಕಾಮಿಕ್ಸ್ ಅಲ್ಲದಿದ್ದರೂ ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಭಕ್ತಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು ವಾಲ್ಮೀಕಿಯ ಸುಂದರಕಾಂಡ ಓದಿ. ಕಾಣೆಯಾದವರನ್ನು ಹುಡುಕೋ ಕೇಸು. ಹನುಮಂತ ರಾತ್ರಿ ಊರೊಳಗೆ ನುಸುಳ್ತಾನೆ, ಮನೆ ಮನೆ ಶೋಧಿಸ್ತಾನೆ, ಮಂಡೋದರಿಯನ್ನು ಕಂಡು ಇವಳೇ ಸೀತೆ ಅಂದುಕೊಂಡು ಆಮೇಲೆ ಇರಲಾರದು ಅಂತ ತರ್ಕ ಮಾಡ್ತಾನೆ. ಕೊನೆಗೆ ಅಶೋಕವನದ ಮರದ ಮೇಲೆ ಕೂತಾಗ ಅವನಿಗೆ ಬರೋ ದೊಡ್ಡ ಪ್ರಶ್ನೆ, ಯಾವ ಭಾಷೆಯಲ್ಲಿ ಮಾತಾಡಲಿ? ಪಂಡಿತರ ಹಾಗೆ ಸಂಸ್ಕೃತ ಆಡಿದರೆ, ವೇಷ ಹಾಕಿಕೊಂಡ ರಾವಣ ಅಂತ ಸೀತೆ ಹೆದರ್ತಾಳೆ. ಮಂಗ ಬಾಯಿ ತೆರೆದರೆ ಮೊದಲೇ ಗಾಬರಿ. ಕೈಯಲ್ಲಿ ಉಂಗುರದ ಸಾಕ್ಷ್ಯ ಇದ್ದರೂ ಅದನ್ನು ತೋರಿಸೋ ಮುಂಚೆ ಅವಳ ನಂಬಿಕೆ ಗೆಲ್ಲಬೇಕು. ಸ್ಲೇಟು ಹಿಡಿದ ಆ ಗೊರಿಲ್ಲಾನ ಸಮಸ್ಯೆಯೇ ಇದು. ಒಂದು ವ್ಯತ್ಯಾಸ ಇದೆ. ಹನುಮಂತ ಚೆನ್ನಾಗಿ ಮಾತಾಡ್ತಾನೆ ಅಂತ ಅಲ್ಲಿ ಯಾರೂ ನಗಲ್ಲ. ಕಿಷ್ಕಿಂಧೆಯಲ್ಲಿ ಮೊದಲ ಸಲ ಅವನ ಮಾತು ಕೇಳಿದ ರಾಮ, ಇವನ ವ್ಯಾಕರಣ ಎಷ್ಟು ಶುದ್ಧ ಅಂತ ಲಕ್ಷ್ಮಣನ ಹತ್ತಿರ ಮೆಚ್ಚಿಕೊಳ್ತಾನೆ. ಅಮೆರಿಕದ ಕಾಮಿಕ್ಸ್‌ಗೆ ಮಾತಾಡೋ ವಾನರ ಎಂದರೆ ಮೊದಲು ಜೋಕು, ಆಮೇಲೆ ಮಿಕ್ಕಿದ್ದು. ನಾವು ಬೋಬೋನನ್ನು ಓದುವಾಗ ಆ ಜೋಕನ್ನು ಸ್ವಲ್ಪ ಬೇಗ ದಾಟಿಬಿಡ್ತೀವಿ ಅಂತ ನನಗನ್ನಿಸುತ್ತೆ.

ಬೋಬೋಗೆ ಮಾತು ಬಂದಿದ್ದು ತಡವಾಗಿ. 1981ರ ಒಂದು ಪುಟ್ಟ ಕಥೆಯಲ್ಲಿ ಅವನೂ ರೆಕ್ಸ್ ನಾಯಿಯೂ ಚಿರಯೌವನದ ಚಿಲುಮೆಯ ನೀರು ಕುಡೀತಾರೆ. 2005ರಲ್ಲಿ ಬಿಲ್ ವಿಲ್ಲಿಂಗ್‌ಹ್ಯಾಮ್ 'ಡೇ ಆಫ್ ವೆಂಜನ್ಸ್' ಅನ್ನೋ ಆರು ಸಂಚಿಕೆಯ ಕಥೆ ಬರೆದಾಗ ಆ ನೀರಿಗೆ ಇನ್ನೊಂದು ಗುಣ ಸೇರಿಸಿದರು: ಕುಡಿದ ಬೋಬೋಗೆ ಎಲ್ಲ ಜೀವಿಗಳ ಜೊತೆ ಅವರವರ ಭಾಷೆಯಲ್ಲಿ ಮಾತಾಡೋಕೆ ಬರುತ್ತೆ, ಮನುಷ್ಯರ ಭಾಷೆಯೂ ಸೇರಿ. ಆ ಬೋಬೋ ನಮಗೆ ಸಿಗೋದು ಆಬ್ಲಿವಿಯನ್ ಬಾರ್ ಅನ್ನೋ ಮಾಂತ್ರಿಕರ ಅಡ್ಡಾದಲ್ಲಿ, ಗ್ಲಾಸು ಹಿಡಿದು, ಸಿಡುಕುತ್ತಾ. ಐವತ್ತು ವರ್ಷ ಮಾತಿಲ್ಲದೆ ಇದ್ದವನು ಮಾತು ಬಂದಮೇಲೆ ಖುಷಿಯಾಗಿರಬೇಕಿತ್ತಲ್ಲ? ವಿಲ್ಲಿಂಗ್‌ಹ್ಯಾಮ್ ಅವರ ಜಾಣ್ಮೆ ಇದು. ಮಾತು ಬಂದಿದೆ, ತಲೆ ಆ ಬಾರಿನಲ್ಲಿರೋ ಎಲ್ಲರಿಗಿಂತ ಚುರುಕಾಗಿದೆ, ಆದರೂ ಮೊದಲ ಸಲ ನೋಡಿದವನು ಅಯ್ಯೋ ಮುದ್ದು ಅಂತಾನೆ. ಮಾತು ಬಾರದಿದ್ದಾಗ ಕನಿಷ್ಠ ಒಂದು ನೆಪ ಇತ್ತು.

ಈ ಬೋಬೋ ಜನಪ್ರಿಯನಾದ, ಮುಂದೆ 'ಷ್ಯಾಡೋಪ್ಯಾಕ್ಟ್' ತಂಡ ಸೇರಿದ, 2018ರ 'ಜಸ್ಟೀಸ್ ಲೀಗ್ ಡಾರ್ಕ್'ನಲ್ಲಿ ವಂಡರ್ ವುಮನ್ ಪಕ್ಕ ನಿಂತ. ನನಗೆ ಅವನ ಬಗ್ಗೆ ಪ್ರೀತಿ ಇದೆ, ಅನುಮಾನವೂ ಇದೆ. ಬರಹಗಾರರಿಗೆ ಅವನು ಸುಲಭವಾಗಿ ಸಿಗೋ ಡೈಲಾಗ್ ಯಂತ್ರ. ಕುಡುಕ ಚಿಂಪಾಂಜಿ, ಒರಟು ಮಾತು, ಒಂದು ಪಂಚ್, ಮುಂದಿನ ಪುಟ. ಅಂಥ ಕಡೆ ಅವನ ಜಾಗದಲ್ಲಿ ಯಾವ ಸಿಡುಕು ಮನುಷ್ಯನನ್ನು ಕೂರಿಸಿದರೂ ನಡೆಯುತ್ತೆ. ಅವನ ನಿಜವಾದ ಹೊಸ ಶಕ್ತಿ ಬಾಯಲ್ಲಿಲ್ಲ, ಕಿವಿಯಲ್ಲಿದೆ. ಎಲ್ಲ ಪ್ರಾಣಿಗಳ ಭಾಷೆ ಬರೋ ಪತ್ತೇದಾರನಿಗೆ ಕೊಲೆಯಾದ ಕೋಣೆಯ ಇಲಿ, ಜಿರಳೆ, ಕಿಟಕಿಯ ಪಾರಿವಾಳ ಎಲ್ಲವೂ ಸಾಕ್ಷಿ. ಯಾರೂ ಯಾವತ್ತೂ ಹೇಳಿಕೆ ತೆಗೆದುಕೊಳ್ಳದ ಸಾಕ್ಷಿಗಳು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳ್ಳತನ ಆದಾಗ ಸೆಕ್ರೆಟರಿ ಸಿಸಿಟಿವಿ ನೋಡ್ತಾರೆ, ವಾಟ್ಸಾಪ್ ಗ್ರೂಪಿನಲ್ಲಿ ನೂರು ಮೆಸೇಜ್ ಬರುತ್ತೆ, ಬೆಳಿಗ್ಗೆ ಐದಕ್ಕೆ ಕಸ ತೆಗೆದುಕೊಂಡು ಹೋಗೋ ಹೆಂಗಸನ್ನು ಮಾತ್ರ ಯಾರೂ ಕೇಳಲ್ಲ. ಕೇಳಿದರೂ ಆರೋಪಿ ಅಂತ ಕೇಳ್ತಾರೆ, ಸಾಕ್ಷಿ ಅಂತ ಅಲ್ಲ. ಬೋಬೋ ಮೊದಲು ಹೋಗೋದು ಅಂಥವರ ಹತ್ತಿರ, ಯಾಕಂದ್ರೆ ಅವನೂ ಅಲ್ಲಿಂದಲೇ ಬಂದವನು. ಈ ದಾರಿಯಲ್ಲಿ ಹೋದ ಕಥೆಗಳು ಕಡಿಮೆ, ಹೋದಾಗಲೆಲ್ಲ ಚೆನ್ನಾಗಿವೆ.

ಇಷ್ಟೆಲ್ಲ ಇಷ್ಟಪಡುವಾಗ ಒಂದು ಕಸಿವಿಸಿ ಉಳಿಯುತ್ತೆ, ಅದನ್ನು ಮುಚ್ಚಿಡಲ್ಲ. 1973ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಒಂದು ಪ್ರಯೋಗಕ್ಕಾಗಿ ನಿಮ್ ಅನ್ನೋ ಚಿಂಪಾಂಜಿಗೆ ಸನ್ನೆ ಭಾಷೆ ಕಲಿಸೋಕೆ ಶುರು ಮಾಡಿದರು. ಕಲಿತ. ಎಷ್ಟು ಕಲಿತ, ಅದು ಭಾಷೆ ಹೌದೋ ಅಲ್ಲವೋ ಅಂತ ವಿಜ್ಞಾನಿಗಳ ಜಗಳ ಇನ್ನೂ ಇದೆ. ಪ್ರಯೋಗ ಮುಗಿಯಿತು, ದುಡ್ಡೂ ಮುಗಿಯಿತು. 1982ರಲ್ಲಿ ಅವನನ್ನು ಒಂದು ವೈದ್ಯಕೀಯ ಪ್ರಯೋಗಾಲಯಕ್ಕೆ ಮಾರಿದರು. ಕೈಸನ್ನೆ ಗೊತ್ತಿದ್ದವನು ಪಂಜರದೊಳಗೆ ಹೋದ. ಜನ ಗಲಾಟೆ ಮಾಡಿದ ಮೇಲೆ ಟೆಕ್ಸಾಸ್‌ನ ಒಂದು ಪ್ರಾಣಿಧಾಮಕ್ಕೆ ಕಳಿಸಿದರು, 2000ದಲ್ಲಿ ಅಲ್ಲೇ ತೀರಿಕೊಂಡ. 1951ರ ಆ ಮುಖಪುಟದ ಪಂಜರ, ಸ್ಲೇಟು, ಹೊರಗೆ ನಿಂತವರು, ಎಲ್ಲ ಹಾಗೇ ನಿಜವಾದ ಹಾಗಿದೆ. ಕಾಮಿಕ್ಸ್‌ನಲ್ಲಿ ವಾನರ ಮಾತಾಡಿದರೆ ನಮಗೆ ಖುಷಿ, ಯಾಕಂದ್ರೆ ಅವನು ನಮ್ಮ ಕೇಸು ಬಿಡಿಸ್ತಾನೆ. ಅವನದೇ ಒಂದು ಕೇಸು ಇದೆ ಅಂತ ಶುರು ಮಾಡಿದರೆ ಎಷ್ಟು ಜನ ಪುಟ ತಿರುಗಿಸ್ತೀವೋ ನೋಡಬೇಕು. ಡಿಸಿ ಆ ಕಥೆ ಬರೆಸಲಿ ಅಂತ ನನ್ನ ಆಸೆ. ಪೋನ ಒರಾಂಗುಟಾನ್‌ಗೆ ಒಬ್ಬ ವಕೀಲ ಸಿಕ್ಕ ಹಾಗಾಗುತ್ತೆ.

ಓದೋಕೆ ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ: ಮೊದಲು 2005ರ 'ಡೇ ಆಫ್ ವೆಂಜನ್ಸ್' ಓದಿ, ಸುಲಭವಾಗಿ ಸಿಗುತ್ತೆ, ಆರು ಸಂಚಿಕೆ ಒಂದು ಭಾನುವಾರಕ್ಕೆ ಸಾಕು. ಅದಾದ ಮೇಲೆ ಐವತ್ತರ ದಶಕದ ಪುಟ್ಟ ಕಥೆಗಳನ್ನು ಹುಡುಕಿ. ಸ್ವಲ್ಪ ಕಷ್ಟಪಡಬೇಕು, ಆದರೆ ನನ್ನ ವೋಟು ಅವಕ್ಕೇ. ಒಂದು ಪುಟದಲ್ಲಿ ಶೆರಿಫ್‌ನ ಕೈ ಹಿಡಿದು ಎಳೀತಿರೋ ಬೋಬೋ ಸಿಕ್ತಾನೆ, ತಲೆ ಪಕ್ಕದಲ್ಲಿ ಗುಳ್ಳೆ. ಅದನ್ನು ನೀವು ಓದ್ತಿದ್ದೀರಿ, ಶೆರಿಫ್ ಇನ್ನೂ ಬೇರೆ ಕಡೆ ನೋಡ್ತಿದ್ದಾನೆ.